ಚೆಂಡು ಕೈಯಲ್ಲಿಲ್ಲದಾಗ

ತೂಕದ ಯಂತ್ರದ ಮೇಲೆ ನಿಂತಿದ್ದಾಗ ಲೆಮ್ ಗ್ಯಾಡ್ಸನ್‌ಗೆ ಹೆದರಿಕೆಯೇನೂ ಆಗಲಿಲ್ಲ. ಬರೀ ಚಡ್ಡಿಯಲ್ಲಿ, ಅರವತ್ತು ಜನ ಗಂಡಸರು ಪೆನ್ನು ಹಿಡಿದು ನೋಡುತ್ತಿರುವಾಗ ನಿಲ್ಲುವುದು ನಾಚಿಕೆಯ ಕೆಲಸವಿರಬಹುದು, ಹೆದರುವ ಕೆಲಸವಲ್ಲ. "ಇನ್ನೂರ ನಲವತ್ತೊಂದು ಪೌಂಡು!" ಎಂದು ಒಬ್ಬ ಕೂಗಿದ. ಅರವತ್ತು ಪೆನ್ನುಗಳು ಬರೆದುಕೊಂಡವು. ಅಂಗೈ ಅಗಲ ಅಳೆದರು, ತೋಳಿನ ಉದ್ದ ಅಳೆದರು, ಒಂದು ಸಲ ಹಿಂದಕ್ಕೆ ತಿರುಗಿಸಿಯೂ ನೋಡಿದರು. ಹಲ್ಲು ಎಣಿಸುವುದೊಂದು ಬಾಕಿ. ಟೆಕ್ಸಾಸಿನಲ್ಲಿ ಹೋರಿ ಕೊಳ್ಳಲು ಬಂದವನೂ ಇಷ್ಟು ಹೊತ್ತು ನೋಡುವುದಿಲ್ಲ, ಅವನಿಗೆ ಬೇರೆ ಕೆಲಸವಿರುತ್ತದೆ.

ಮಾರ್ಚ್ ತಿಂಗಳಲ್ಲಿ ಒಂದು ದಿನ ಅಮೆರಿಕನ್ ಫುಟ್‌ಬಾಲಿನ ವೃತ್ತಿ ತಂಡಗಳಿಗೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ಲೆಮ್‌ನ ಕಾಲೇಜಿಗೆ ಬಂದು ಕೊನೆಯ ವರ್ಷದ ಹುಡುಗರನ್ನು ಹೀಗೆ ತೂಗಿ, ಓಡಿಸಿ, ಪ್ರಶ್ನೆ ಕೇಳಿ ಹೋಗುತ್ತಾರೆ. ಏಪ್ರಿಲ್‌ನಲ್ಲಿ ಡ್ರಾಫ್ಟು, ವೃತ್ತಿ ತಂಡಗಳು ಸುತ್ತು ಸುತ್ತಾಗಿ ಹುಡುಗರನ್ನು ಆರಿಸಿಕೊಳ್ಳುವ ಮೂರು ದಿನ. ಆ ಮೂರು ದಿನಗಳಲ್ಲಿ ಹೆಸರು ಕರೆದರೆ ಬದುಕು ಬಂಗಾರ, ಕರೆಯದಿದ್ದರೆ ಮಾವನ ಟೈರು ಅಂಗಡಿ. ಲೆಮ್‌ನ ಹೆಸರು ಕರೆಯುತ್ತಾರೆ ಎನ್ನುವುದರಲ್ಲಿ ಊರಿಗೆ ಅನುಮಾನವಿರಲಿಲ್ಲ. ಹೋದ ಋತುವಿನಲ್ಲಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಸಾವಿರದ ಐನೂರು ಗಜ ನುಗ್ಗಿದ್ದ. ಅವನು ಓಡತೊಡಗಿದರೆ ಸ್ಟೇಡಿಯಮ್ಮಿನವರು ರೈಲಿನ ಹಾರನ್ ಒತ್ತುತ್ತಿದ್ದರು. ಗೂಡ್ಸ್ ರೈಲು ಎಂದೇ ಅವನ ಅಡ್ಡಹೆಸರು.

ಗೂಡ್ಸ್ ರೈಲಿಗೆ ಹೆದರಿಕೆಯಿದ್ದದ್ದು ಮಧ್ಯಾಹ್ನ ಮೂರು ಗಂಟೆಯದು. ಮೂರಕ್ಕೆ ಅವನನ್ನು ಹಾಲಿಸ್ ಟ್ಯಾಕೆಟ್ ಎಂಬ ಸ್ಕೌಟು ಒಬ್ಬನನ್ನೇ ಕೋಣೆಗೆ ಕರೆದಿದ್ದ.

"ಆ ಮುದುಕನ ಕಥೆ ಕೇಳಿದ್ಯಾ?" ಎಂದ ವೇಡ್ ಹಾಲ್ಕಂಬ್, ಬಟ್ಟೆ ಬದಲಿಸುವ ಕೋಣೆಯಲ್ಲಿ ಶೂ ಲೇಸು ಬಿಗಿಯುತ್ತ. ವೇಡ್ ಕಾಲೇಜು ತಂಡದ ಕ್ವಾರ್ಟರ್‌ಬ್ಯಾಕು, ಚೆಂಡು ಎಸೆಯುವವನು, ನಾಲ್ಕು ವರ್ಷದಿಂದ ಲೆಮ್‌ನ ರೂಮ್‌ಮೇಟು. "ಟೇಪು ನೋಡುವಾಗ ಚೆಂಡನ್ನೇ ನೋಡಲ್ವಂತೆ ಕಣೋ. ಚೆಂಡು ಇರೋ ಜಾಗಕ್ಕೆ ಹೆಬ್ಬೆರಳು ಇಟ್ಟು ಮುಚ್ಚಿಬಿಡ್ತಾನಂತೆ. ಚೆಂಡು ಹಿಡ್ಕೊಂಡಾಗ ಎಲ್ಲರೂ ಶೂರರೇ, ಇಲ್ಲದಾಗ ಏನು ಮಾಡ್ತಾನೆ ಅದು ನೋಡ್ಬೇಕು ಅಂತಾನಂತೆ."

"ಹಾಗಾದ್ರೆ ನನ್ನಂಥವನಿಗೆ ಒಳ್ಳೇದಾಯ್ತು ಬಿಡು. ನಾನು ನಾಲ್ಕು ವರ್ಷದಲ್ಲಿ ಚೆಂಡು ಮುಟ್ಟೇ ಇಲ್ಲ," ಎಂದ ಎಮಿಲ್ ಕ್ರೂಪ್ಕಾ. ಅವನು ಮುಂದಿನ ಸಾಲಿನ ಎಡ ಗಾರ್ಡು. ಮುನ್ನೂರಿಪ್ಪತ್ತು ಪೌಂಡು, ವೇಡ್‌ನನ್ನು ಕಾಯುವುದೇ ಅವನ ಕೆಲಸ. ಅವನ ತೊಡೆಯ ಮೇಲೆ ಅಮ್ಮ ಕಳಿಸಿದ ಕೊಲಾಚಿಯ ಡಬ್ಬಿ ತೆರೆದಿತ್ತು. ಏಪ್ರಿಕಾಟಿನ ಒಂದು ಬನ್ನನ್ನು ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಂಡ. "ಆದ್ರೆ ಆ ಮುದುಕ ನನ್ನನ್ನ ಯಾಕೆ ನೋಡ್ತಾನೆ? ನಾನು ತೆರೆದ ಗೇಟು, ಊರಿಗೆಲ್ಲ ಗೊತ್ತು."

ವೇಡ್ ಲೇಸನ್ನೇ ನೋಡುತ್ತಿದ್ದ. ಲೆಮ್ ಗೋಡೆ ನೋಡಿದ.

"ಯಾಕ್ರೋ ಸತ್ತವರ ಮನೆ ಥರ ಕೂತ್ರಿ?" ಎಂದು ಕ್ರೂಪ್ಕಾ ನಕ್ಕ. "ತಮಾಷೆ ಗೊತ್ತಾ, ಯಾರೋ ನಮ್ಮನೆ ಮುಂದೆ ದನದ ದೊಡ್ಡಿ ಗೇಟು ತಂದು ಒರಗಿಸಿ ಹೋಗಿದ್ರಲ್ಲ, ನಮ್ಮಪ್ಪ ಅದನ್ನ ಕರುಗಳಿಗೆ ಹಾಕ್ಕೊಂಡಿದ್ದಾನೆ. ಒಳ್ಳೇ ಗೇಟು, ಎಣ್ಣೆ ಸಹ ಬೇಡ ಅಂತಾನೆ. ತಿನ್ನೋ ಲೆಮ್, ಎರಡು ತಗೋ. ಮುಖ ಯಾಕೋ ಬಿಳಿಚಿಕೊಂಡಿದೆ, ನಿನ್ನ ಬಣ್ಣದವನು ಬಿಳಿಚಿಕೊಳ್ಳೋದು ಸಾಮಾನ್ಯ ಸಂಗತಿಯಲ್ಲ."

ಲೆಮ್ ಒಂದು ಬನ್ನು ತೆಗೆದುಕೊಂಡ. ತಿನ್ನದೆ ಕೈಯಲ್ಲೇ ಹಿಡಿದುಕೊಂಡ.

ಅವನ ಹೆದರಿಕೆ ಯಾವುದೆಂದು ಹೇಳಿಬಿಡಬೇಕು, ಮುಚ್ಚಿಟ್ಟು ಪ್ರಯೋಜನವಿಲ್ಲ. ಚೆಂಡು ಹಿಡಿದು ತಾನಾಗಿ ಹೋಗಿ ಗುದ್ದುವುದು ಬೇರೆ, ಓಡಿ ಬಂದು ಗುದ್ದುವವನಿಗಾಗಿ ನಿಂತಲ್ಲೇ ಕಾಯುವುದು ಬೇರೆ. ಮೊದಲನೆಯದರಲ್ಲಿ ಲೆಮ್‌ಗೆ ಹುಲಿಯ ಗುಂಡಿಗೆ. ಎರಡನೆಯದನ್ನು ನೆನೆದರೆ ಅವನ ಮೊಣಕಾಲು ನೀರಾಗುತ್ತಿತ್ತು. ಹೈಸ್ಕೂಲಿನಲ್ಲಿ ಒಮ್ಮೆ ಹಾಗೆ ಕಾಯುತ್ತ ನಿಂತಿದ್ದ. ಆಮೇಲೆ ಕಂಡದ್ದು ಆಸ್ಪತ್ರೆಯ ಚಾವಣಿ ಮತ್ತು ಅಮ್ಮನ ಬಾಯಿ ಅಲ್ಲಾಡುವುದು, ಮಾತು ಮಾತ್ರ ಕೇಳಿಸುತ್ತಿರಲಿಲ್ಲ. ಅರ್ಧ ದಿನದಲ್ಲಿ ಕಿವಿ ಸರಿಹೋಯಿತು. ಹೆದರಿಕೆ ಹೋಗಲಿಲ್ಲ. ಅಷ್ಟು ದೊಡ್ಡ ದೇಹದೊಳಗೆ ಅದು ಇರಬಹುದೆಂದು ಯಾರೂ ಹುಡುಕಲಿಲ್ಲ. ಜನ ಗಾತ್ರ ನೋಡಿ ಧೈರ್ಯ ಅಳೆಯುತ್ತಾರೆ.

ಒಂಬತ್ತು ಕಾಲೇಜುಗಳು ಅವನನ್ನು ಕರೆದಿದ್ದವು. ಅವನು ಇದನ್ನು ಆರಿಸಿಕೊಂಡ. ಅಮ್ಮನಿಗೆ ಹತ್ತಿರವಿರಲು ಎಂದು ಪತ್ರಿಕೆಯವರು ಬರೆದರು. ನಿಜವಾದ ಕಾರಣ ಅವನೊಬ್ಬನಿಗೇ ಗೊತ್ತಿತ್ತು. ಇಲ್ಲಿ ಸ್ಪ್ರೆಡ್ ಆಟ. ಮೈದಾನದ ಉದ್ದಗಲಕ್ಕೂ ಆಟಗಾರರನ್ನು ಹರಡಿ ನಿಲ್ಲಿಸುತ್ತಾರೆ, ಎದುರಾಳಿಗಳೂ ಹರಡಿಕೊಳ್ಳಬೇಕಾಗುತ್ತದೆ, ನಡುವೆ ಬಯಲು. ಕ್ವಾರ್ಟರ್‌ಬ್ಯಾಕು ಕಣ್ಣು ಮಿಟುಕಿಸುವುದರೊಳಗೆ ಚೆಂಡು ಎಸೆದಿರುತ್ತಾನೆ, ಇಲ್ಲವೇ ಪಕ್ಕದಲ್ಲಿರುವ ರನ್ನಿಂಗ್ ಬ್ಯಾಕಿನ, ಅಂದರೆ ಲೆಮ್‌ನಂಥ ಓಟಗಾರನ, ಹೊಟ್ಟೆಗೆ ತುರುಕಿರುತ್ತಾನೆ. ಅವನ ಪಕ್ಕ ನಿಂತು ಅವನನ್ನು ಕಾಯುವ ಕೆಲಸ ರನ್ನಿಂಗ್ ಬ್ಯಾಕಿಗೆ ಬರುವುದೇ ಅಪರೂಪ. ಆನೆಯನ್ನು ಅಡಗಿಸಲು ಕಾಡು ಬೇಕು ಎನ್ನುತ್ತಾರೆ. ಲೆಮ್ ಬಯಲಿನಲ್ಲೇ ನಾಲ್ಕು ವರ್ಷ ಅಡಗಿದ್ದ.

ನವೆಂಬರಿನ ಒಂದು ಶನಿವಾರದವರೆಗೆ.

ಅವತ್ತು ಎದುರು ತಂಡದವರು ಆರು ಜನರನ್ನು ಒಟ್ಟಿಗೆ ನುಗ್ಗಿಸಿದರು. ಸಾಲಿನ ಐವರು ಐವರನ್ನು ಹಿಡಿಯುತ್ತಾರೆ. ಆರನೆಯವನು ಯಾರ ಪಾಲು ಎಂಬುದು ಒಂದು ಸನ್ನೆಯ ಮೇಲೆ ನಿಂತಿದೆ. ಚೆಂಡು ನೆಲದಿಂದ ಎದ್ದು ಆಟ ಶುರುವಾಗುವ ಮುಂಚೆ ಕ್ವಾರ್ಟರ್‌ಬ್ಯಾಕು ಸೊಂಟ ಮುಟ್ಟಿಕೊಂಡರೆ ರನ್ನಿಂಗ್ ಬ್ಯಾಕು ನಿಲ್ಲಬೇಕು, ಆರನೆಯವನು ಅವನ ಪಾಲು. ಮುಟ್ಟದಿದ್ದರೆ ಅವನು ಹೊರಗೆ ಓಡಿಹೋಗಬಹುದು, ಆಗ ಎಡ ಗಾರ್ಡು ಒಳಕ್ಕೆ ಜರುಗಿ ಆ ದಾರಿಯನ್ನು ಮುಚ್ಚಬೇಕು. ವೇಡ್ ಸೊಂಟ ಮುಟ್ಟಿಕೊಂಡಿದ್ದ. ಲೆಮ್ ನೋಡಿದ್ದ. ಆ ಆರನೆಯವನು, ಎದುರು ತಂಡದ ಐವತ್ತೆರಡನೇ ನಂಬರಿನ ಲೈನ್‌ಬ್ಯಾಕರು, ಕ್ರೂಪ್ಕಾನ ಭುಜದ ಪಕ್ಕದಿಂದ ಹೊರಟು ನೇರ ಬರುತ್ತಿದ್ದ. ಅವನ ಕಣ್ಣು ಕಂಡಿತು. ಅಷ್ಟೇ. ಲೆಮ್‌ನ ಕಾಲು ಲೆಮ್‌ನನ್ನು ಕೇಳದೆ ಎಡಕ್ಕೆ ಹೊರಟಿತು. ಅಂಚಿನವರೆಗೆ ಓಡಿ, ಚೆಂಡು ಕೊಡು ಎನ್ನುವವನ ಹಾಗೆ ಕೈ ಎತ್ತಿದ. ಬೆನ್ನ ಹಿಂದೆ ಒಣ ಕೊಂಬೆ ಮುರಿದಂತೆ ಸದ್ದಾಯಿತು.

ವೇಡ್‌ನ ಬಲ ಭುಜಕ್ಕೆ ಮೂರು ಮೊಳೆ ಹಾಕಿದರು. ಸೋಮವಾರ ಕೋಚು ಕೇಳಿದ: "ನಿಂಗೆ ನಿಲ್ಲು ಅಂತ ಸನ್ನೆ ಬಂತಾ?"

"ಇಲ್ಲ ಸರ್," ಎಂದ ಲೆಮ್.

ಆಸ್ಪತ್ರೆಯಲ್ಲಿ ವೇಡ್‌ನನ್ನು ಕೇಳಿದರು. ಏನೂ ನೆನಪಿಲ್ಲ ಎಂದ. ಸನ್ನೆ ಇರಲಿಲ್ಲ ಎಂದಾದ ಮೇಲೆ ತಪ್ಪು ಗಾರ್ಡಿನದು. ಟಿವಿಯವರು ಆ ದೃಶ್ಯವನ್ನು ನಿಧಾನಿಸಿ ನಿಧಾನಿಸಿ ತೋರಿಸಿದರು: ಕ್ರೂಪ್ಕಾನ ಪಕ್ಕದಿಂದ ಐವತ್ತೆರಡು ಹಾಯಾಗಿ ದಾಟಿಹೋಗುವುದು. 'ತೆರೆದ ಗೇಟು' ಎಂದು ಯಾವನೋ ಬರೆದ, ಊರು ಅದನ್ನೇ ಹಿಡಿದುಕೊಂಡಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎಮ್ಮೆ ಮಾತ್ರ ಬರೆ ಹಾಕಿಸಿಕೊಂಡು, ಡಬ್ಬಿ ತೆರೆದು, ಎಲ್ಲರಿಗೂ ಬನ್ನು ಹಂಚುತ್ತ ಕೂತಿತ್ತು.

ಹನ್ನೊಂದು ಗಂಟೆಗೆ ಚೆಂಡು ಎಸೆಯುವ ಪರೀಕ್ಷೆ. ಹೊರಗೆ ದೂಳುಗಾಳಿ ಎದ್ದಿತ್ತು, ಹಾಗಾಗಿ ಸೂರಿನ ಕೆಳಗಿನ ಮೈದಾನದಲ್ಲೇ. ವೇಡ್ ಎಸೆಯುತ್ತಿದ್ದ, ಲೆಮ್ ಓಡಿ ಹಿಡಿಯುತ್ತಿದ್ದ. ಹತ್ತು ಗಜ ಚೆನ್ನಾಗಿ ಬಂತು. ಇಪ್ಪತ್ತು ಗಜವೂ ಪರವಾಗಿಲ್ಲ. ನಲವತ್ತು ಗಜಕ್ಕೆ ವೇಡ್ ಹಲ್ಲು ಕಚ್ಚಿ ಎಸೆದ. ಚೆಂಡು ಗಾಳಿಯಲ್ಲಿ ನಡುಗುತ್ತ ಬಂದು ಲೆಮ್‌ನನ್ನು ತಲುಪದೆ ಆರು ಗಜ ಈಚೆಗೇ ಬಿತ್ತು. ಇನ್ನೊಮ್ಮೆ ಎಸೆದ. ಮತ್ತೆ ಅಲ್ಲೇ. ಮೂರನೆಯದಕ್ಕೆ ಲೆಮ್ ಹಿಂದಿರುಗಿ ಓಡಿ, ಹಾರಿ ಎದೆ ತರಚಿಕೊಂಡು ಹಿಡಿದ. ಎದ್ದು ನೋಡುತ್ತಾನೆ, ಅರವತ್ತು ಜನರಲ್ಲಿ ಒಬ್ಬನೂ ಬರೆಯುತ್ತಿಲ್ಲ. ಒಬ್ಬ ಫೋನು ನೋಡುತ್ತಿದ್ದ. ಇಬ್ಬರು ಕಾಫಿಗೆ ಹೊರಟಿದ್ದರು.

ವೇಡ್ ಅವರ ಬೆನ್ನು ನೋಡಿದ. ಆಮೇಲೆ ಲೆಮ್‌ನ ಕಡೆ ಎಡಗೈ ಬೀಸಿ ನಕ್ಕ. ಲೆಮ್‌ಗೆ ಆ ನಗೆ ನೋಡಲಾಗಲಿಲ್ಲ. ಆ ಕ್ಷಣ ಅವನಿಗೆ ಯಾವ ಡ್ರಾಫ್ಟೂ ಬೇಡವೆನಿಸಿತು. ಮರುಕ್ಷಣವೇ ಬೇಕೆನಿಸಿತು, ಅವನು ದೇವರಲ್ಲ, ಇಪ್ಪತ್ತೆರಡು ವರ್ಷದವನು. ಅಮ್ಮ ಆಗಲೇ ಚರ್ಚಿನಲ್ಲಿ ಎಲ್ಲರಿಗೂ ಹೇಳಿಯಾಗಿತ್ತು.

ಗೋಡೆಗೆ ಒರಗಿ ನಿಂತಿದ್ದ ಟ್ಯಾಕೆಟ್ ಮಾತ್ರ ಕಾಫಿಗೆ ಹೋಗಿರಲಿಲ್ಲ. ಸಣಕಲು ಮುದುಕ, ತಲೆಯ ಮೇಲೆ ಮಾಸಿದ ಟೋಪಿ. ಅವನು ವೇಡ್‌ನನ್ನೂ ನೋಡುತ್ತಿರಲಿಲ್ಲ, ಚೆಂಡನ್ನೂ ನೋಡುತ್ತಿರಲಿಲ್ಲ. ಅವನು ನೋಡುತ್ತಿದ್ದದ್ದು ಲೆಮ್‌ನ ಮುಖ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಲೆಮ್ ಸುಮ್ಮನೆ ಎದೆಯ ದೂಳು ಕೊಡವಿಕೊಂಡ.

ಮೂರು ಗಂಟೆಗೆ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಲ್ಯಾಪ್‌ಟಾಪು.

"ಕೂತ್ಕೋ ಮರಿ. ಕುರ್ಚಿ ತಡ್ಕೊಳ್ಳುತ್ತೆ, ನೋಡಿದ್ದೀನಿ," ಎಂದ ಟ್ಯಾಕೆಟ್. "ನೀರು ಬೇಕಾ?"

"ಬೇಡ ಸರ್." ನಾಲಿಗೆ ಒಣಗಿ ಅಂಗುಳಿಗೆ ಅಂಟಿತ್ತು.

"ಮೂವತ್ತೊಂದು ವರ್ಷದಿಂದ ನಿನ್ನಂಥ ದಪ್ಪ ಓಟಗಾರರನ್ನ ನೋಡ್ತಿದ್ದೀನಿ. ಸ್ಪ್ರೆಡ್ ಆಟದಿಂದ ಬಂದವರನ್ನ ನೋಡೋವಾಗ ನಂಗೆ ಯಾವಾಗ್ಲೂ ಅನುಮಾನ. ಯಾಕೆ ಹೇಳು? ನಿನ್ನ ಸಾವಿರದ ಐನೂರು ಗಜದಲ್ಲಿ ಮುಕ್ಕಾಲು ಪಾಲು, ಎದುರಿಗೆ ಇದ್ದದ್ದು ಆರೇ ಜನ. ಉಳಿದವರೆಲ್ಲ ಅಂಚಿಗೆ ಹರಡ್ಕೊಂಡಿದ್ರು. ನಮ್ಮಲ್ಲಿಗೆ ಬಂದ್ರೆ ಎಂಟು ಜನ ಇರ್ತಾರೆ, ಎಂಟೂ ಜನ ನಿನ್ನಷ್ಟೇ ಬಲ. ನೀನು ನಿಂತಲ್ಲಿಂದ ಹೊರಡ್ತೀಯ, ಮೊದಲ ಎರಡು ಹೆಜ್ಜೆ ನಿಧಾನ. ಬಯಲಲ್ಲಿ ಅದು ಕಾಣಲ್ಲ. ಸಂದಿಯಲ್ಲಿ ಕಾಣುತ್ತೆ."

"ಹೌದು ಸರ್."

"ಆದ್ರೂ ನನ್ನ ಕಾಗದದಲ್ಲಿ ನಿನ್ನನ್ನ ಮೂರನೇ ಸುತ್ತಿಗೆ ಬರ್ದಿದ್ದೆ. ಯಾಕೆ ಅಂದ್ರೆ ಹೊಡೆತ ತಿಂದ ಮೇಲೂ ನೀನು ಬೀಳಲ್ಲ. ಅದು ಹೇಳಿಕೊಟ್ಟು ಬರೋದಲ್ಲ." ಮುದುಕ ಕನ್ನಡಕ ಒರೆಸಿದ. "ಆಮೇಲೆ ಚೆಂಡಿನ ಮೇಲೆ ಬೆರಳಿಟ್ಟು ನೋಡ್ದೆ. ಎರಡು ವರ್ಷದಲ್ಲಿ ಕ್ವಾರ್ಟರ್‌ಬ್ಯಾಕನ್ನ ಕಾಯೋಕೆ ನಿಂಗೆ ಸರದಿ ಬಂದದ್ದು ಹನ್ನೊಂದು ಸಲ. ಹತ್ತು ಸಲ ಬಂದವನ ಕಾಲಿಗೆ ಡೈವ್ ಹೊಡ್ದಿದ್ದೀಯ, ಕಣ್ಣು ಮುಚ್ಕೊಂಡು. ಹನ್ನೊಂದನೇದು ಇದು."

ಪರದೆಯ ಮೇಲೆ ನವೆಂಬರು ಬಂತು.  ಲೆಮ್ ಈ ನಾಲ್ಕು ತಿಂಗಳಲ್ಲಿ ಒಮ್ಮೆಯೂ ಅದನ್ನು ನೋಡಿರಲಿಲ್ಲ.

"ಆರನೆಯವನು ಯಾರ ಪಾಲು?"

ಲೆಮ್ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿದ.

"ನಿನ್ನ ಕ್ವಾರ್ಟರ್‌ಬ್ಯಾಕನ್ನ ಎರಡು ಗಂಟೆಗೆ ಕೇಳ್ದೆ. ಈಗ ಎಲ್ಲಾ ನೆನಪಾಯ್ತು ಅಂದ. ಗಡಿಬಿಡಿಯಲ್ಲಿ ಸನ್ನೆ ಮಾಡೋದು ಮರ್ತೆ, ತಪ್ಪು ನಂದೇ, ಲೆಮ್ ಅಂಥ ಆಟಗಾರ ಇಡೀ ಟೆಕ್ಸಾಸಲ್ಲಿ ಇಲ್ಲ, ಕಣ್ಣು ಮುಚ್ಚಿ ತಗೊಳ್ಳಿ ಅಂದ. ನಿಜಾನಾ?"

ತಪ್ಪಿಸಿಕೊಳ್ಳುವ ಬಾಗಿಲು ತಾನಾಗಿ ತೆರೆದುಕೊಂಡಿತ್ತು. ಲೆಮ್ ತಲೆಯಾಡಿಸಿದರೆ ಸಾಕಿತ್ತು.  ವೇಡ್‌ಗೆ ನಿಜಕ್ಕೂ ನೆನಪಿಲ್ಲ, ಪಾಪ, ತನ್ನದೇ ತಪ್ಪೆಂದುಕೊಂಡಿದ್ದಾನೆ ಎಂದು ಲೆಮ್ ತನಗೆ ತಾನೇ ಹೇಳಿಕೊಂಡ. ನವೆಂಬರಿನಲ್ಲಿ ಕಾಲು ಹೊರಟ ಹಾಗೆಯೇ ಈಗ ಮಾತು ಹೊರಟಿತು.

"ಹೌದು ಸರ್. ಸನ್ನೆ ಇರಲಿಲ್ಲ."

ಟ್ಯಾಕೆಟ್ ಟೋಪಿ ತೆಗೆದು ಮೇಜಿನ ಮೇಲಿಟ್ಟ.

"ನಿಮ್ಮ ಕಾಲೇಜಿನವರು ಟೇಪು ಹ್ಯಾಗೆ ಕತ್ತರಿಸ್ತಾರೆ ಗೊತ್ತಾ? ಚೆಂಡು ಎದ್ದ ಕ್ಷಣದಿಂದ ಸೀಟಿ ಊದೋವರೆಗೆ. ಮೊದಲಿಂದು, ಆಮೇಲಿಂದು ಎಲ್ಲ ಕಸಕ್ಕೆ. ಎಲ್ಲಾ ಕೋಚುಗಳೂ ಹಾಗೇ ನೋಡೋದು, ಎಲ್ಲಾ ಸ್ಕೌಟುಗಳೂ ಹಾಗೇ ನೋಡೋದು. ಇಷ್ಟು ಓದಿಕೊಂಡ ಜನ, ಆಟ ಶುರುವಾಗೋ ಮುಂಚೆ ಏನೂ ನಡ್ಯಲ್ಲ ಅಂದ್ಕೊಂಡಿದ್ದಾರೆ." ಅವನು ಒಂದು ಗುಂಡಿ ಒತ್ತಿದ. "ಇದು ಟಿವಿಯವರ ಕತ್ತರಿಸದೇ ಇರೋ ಟೇಪು. ಕೇಳಿ ತರಿಸ್ಕೊಂಡೆ."

ಪರದೆಯ ಮೇಲೆ ವೇಡ್ ಬಾಗಿ ನಿಂತಿದ್ದ. ಎದುರಿಗೆ ಆರು ಜನರನ್ನು ಎಣಿಸಿದ. ಬಲಗೈ ಸೊಂಟಕ್ಕೆ ಹೋಯಿತು. ಅಷ್ಟಕ್ಕೇ ಬಿಡದೆ ತಲೆ ತಿರುಗಿಸಿ ಪಕ್ಕದಲ್ಲಿದ್ದ ಲೆಮ್‌ನ ಮುಖ ನೋಡಿದ. ಪರದೆಯ ಮೇಲಿನ ಲೆಮ್ ತಲೆಯಾಡಿಸಿದ. ಆಯ್ತು, ನಾನಿದ್ದೇನೆ ಎಂದು.

ತಲೆಯಾಡಿಸಿದ್ದು ಲೆಮ್‌ಗೆ ನೆನಪೇ ಇರಲಿಲ್ಲ. ಸನ್ನೆ ನೋಡಿದ್ದು ನೆನಪಿತ್ತು. ಮಾತು ಕೊಟ್ಟದ್ದನ್ನು ಮನಸ್ಸು ಎಲ್ಲೋ ಹೂತುಬಿಟ್ಟಿತ್ತು. ಮುದುಕ ಅಲ್ಲಿಗೇ ಟೇಪು ನಿಲ್ಲಿಸಿದ. ಅದೊಂದು ಕರುಣೆ ಅವನು ತೋರಿಸಿದ್ದು.

"ಹೆದರಿಕೆಗೆ ನಾನು ಅಂಕ ಕಳೆಯಲ್ಲ ಮರಿ. ಹೆದರದೇ ಇರೋ ಓಟಗಾರನನ್ನ ನಾನು ನೋಡೇ ಇಲ್ಲ. ನಿಂತು ಕಾಯೋದನ್ನ ಕಲಿಸಬಹುದು, ಮೂರು ವರ್ಷ ಬೇಕು. ಆದ್ರೆ ದಪ್ಪ ಓಟಗಾರನಿಗೆ ಈ ವೃತ್ತಿಯಲ್ಲಿ ಸಿಗೋದೇ ಮೂರು ವರ್ಷ. ಅದಕ್ಕೆ ಮೂರನೇ ಸುತ್ತಿನಿಂದ ಹೆಸರು ತೆಗೀತೀನಿ. ಕೊನೇ ಸುತ್ತಿನಿಂದಲೂ ತೆಗೀತೀನಿ, ಅದು ನೀನು ಈಗ ಹೇಳಿದ ಸುಳ್ಳಿಗೆ." ಅವನು ಲ್ಯಾಪ್‌ಟಾಪು ಮುಚ್ಚಿದ. "ಬೇರೆ ತಂಡದವರಿಗೆ ನಾನು ಬಾಯಿ ಬಿಡಲ್ಲ. ನಮ್ಮ ಕಾಗದ ನಮ್ಮದು. ಅವರು ಕತ್ತರಿಸಿದ ಟೇಪೇ ನೋಡ್ತಾರೆ, ನಿನ್ನನ್ನ ತಗೊಂಡರೂ ತಗೋಬಹುದು. ಹೋಗ್ಬಾ."

ಲೆಮ್ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. ಎತ್ತಿ ನಿಲ್ಲಿಸಲು ಎರಡು ಸಲ ಬೇಕಾಯಿತು.

ಹೊರಗೆ ಮೊಗಸಾಲೆಯಲ್ಲಿ ವೇಡ್ ಭುಜಕ್ಕೆ ಐಸಿನ ಚೀಲ ಕಟ್ಟಿಕೊಂಡು ಬೆಂಚಿನ ಮೇಲೆ ಕೂತಿದ್ದ. ಅವನ ಮುಖದಲ್ಲಿ ಆಸೆಯಿತ್ತು. ಅದನ್ನು ನೋಡಿ ಲೆಮ್‌ಗೆ ಎಲ್ಲಕ್ಕಿಂತ ಹೆಚ್ಚು ಭಯವಾಯಿತು.

"ನಂಬಿದನೇನೋ ಮುದುಕ?"

"ಟೇಪಿದೆ ಕಣೋ. ಶುರುವಿಂದ. ನೀನು ಸೊಂಟ ಮುಟ್ಟಿದ್ದು, ನನ್ನ ಮುಖ ನೋಡಿದ್ದು... ನಾನು ತಲೆ ಆಡ್ಸಿದ್ದು."

ವೇಡ್‌ನ ಮುಖದಿಂದ ಆಸೆ ಇಳಿಯಿತು. ಅವನು ಐಸಿನ ಚೀಲವನ್ನು ಸರಿಮಾಡಿಕೊಂಡ, ಅದು ಸರಿಯಾಗಿಯೇ ಇತ್ತು.

"ನೆನಪಿಲ್ಲ ಅಂದಿದ್ಯಲ್ಲೋ," ಎಂದ ಲೆಮ್.

"ನೆನಪಿಲ್ಲದೆ ಏನು! ಕಣ್ಣು ಮುಚ್ಚಿದ್ರೆ ಅದೇ ಕಾಣುತ್ತೆ. ನೀನು ತಲೆ ಆಡ್ಸಿದೆ, ನಾನು ಆ ಕಡೆ ನೋಡೋದು ಬಿಟ್ಟೆ."

"ನಾಲ್ಕು ತಿಂಗಳು ಒಂದೇ ರೂಮಲ್ಲಿ ಇದ್ವಿ. ಒಂದು ಮಾತು ಬೈಯಬಾರದಿತ್ತಾ?"

"ಬೈದ್ರೆ ಭುಜ ಬರ್ತಿತ್ತಾ?" ವೇಡ್‌ನ ದನಿ ಏರಿತು, ಅವನು ಸುತ್ತ ನೋಡಿ ತಗ್ಗಿಸಿದ. "ಮೊದಲ ತಿಂಗಳು ನೀನು ಮಲಗಿದ್ದಾಗ ನಿನ್ನ ಕತ್ತು ಹಿಸುಕಬೇಕು ಅನ್ಸೋದು. ಎಡಗೈಯಲ್ಲಿ ಆಗಲ್ಲ ಅಂತ ಬಿಟ್ಟೆ. ಆಮೇಲೆ ಡಾಕ್ಟರು ಇನ್ನು ನೀನು ಎಸೆದ ಹಾಗೇ ಅಂತ ಹೇಳ್ದ. ಹೋದ್ರೆ ನಮ್ಮಿಬ್ಬರಲ್ಲಿ ಒಬ್ಬನಾದ್ರೂ ಹೋಗ್ಲಿ ಅನ್ನಿಸ್ತು. ಅಷ್ಟೇ. ನನ್ನನ್ನ ದೊಡ್ಡ ಮನುಷ್ಯ ಮಾಡಬೇಡ."

"ಮತ್ತೆ ಕ್ರೂಪ್ಕಾ?"

ವೇಡ್ ಬೆಂಚಿನ ತುದಿಗೆ ಸರಿದ. "ಅದೊಂದು ಕೇಳ್ಬೇಡ," ಎಂದ. "ಅವನ ವಿಷಯ ಯೋಚ್ನೆ ಮಾಡಿಲ್ಲ ಅಂತಲ್ಲ. ಮಾಡ್ದೆ. ಮಾಡಿ ಬಾಯಿ ಮುಚ್ಕೊಂಡೆ. ಅವನು ಹ್ಯಾಗೂ ನಗ್ತಾನಲ್ಲ ಅಂದ್ಕೊಂಡೆ."

"ಅವನಿಗೆ ಹೇಳ್ತೀನಿ."

"ತಲೆ ಕೆಟ್ಟಿದ್ಯಾ ನಿಂಗೆ?" ವೇಡ್ ಎದ್ದೇಬಿಟ್ಟ. "ಇನ್ನೂ ಮೂವತ್ತೊಂದು ತಂಡ ಇದೆ ಕಣೋ! ಅವರಿಗೆ ಗೊತ್ತಿಲ್ಲ. ಕ್ರೂಪ್ಕಾಗೆ ಹೇಳಿದ್ರೆ ಅವನ ಅಪ್ಪಂಗೆ ಗೊತ್ತಾಗುತ್ತೆ, ಅಪ್ಪಂಗೆ ಗೊತ್ತಾದ್ರೆ ಸಂಜೆಯೊಳಗೆ ಕೌಂಟಿಗೆಲ್ಲ. ನಾಳೆ ಅರವತ್ತು ಜನರೂ ಟಿವಿಯವರ ಟೇಪು ಕೇಳ್ತಾರೆ. ಡ್ರಾಫ್ಟು ಮುಗೀಲಿ, ಆಮೇಲೆ ಹೇಳುವಂತೆ. ಐದು ವಾರ ಅಷ್ಟೇ."

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಐದು ವಾರ ದೊಡ್ಡದಲ್ಲ. ನಾಲ್ಕು ತಿಂಗಳು ಬರೆ ತಿಂದವನಿಗೆ ಇನ್ನೈದು ವಾರ ಯಾವ ಲೆಕ್ಕ? ಲೆಮ್ ಮೊಗಸಾಲೆಯಲ್ಲಿ ನಿಂತು ಅದನ್ನೇ ಯೋಚಿಸಿದ. ಏಪ್ರಿಲ್ ಆದ ಮೇಲೆ ಮೇ ಬರುತ್ತದೆ, ಆಗ ಹೊಸ ತಂಡ, ಹೊಸ ಕೋಚು, ಆಗಲೂ ಒಂದು ಕಾರಣ ಇದ್ದೇ ಇರುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ತನ್ನ ಕಾಲು ತನಗೆ ಗೊತ್ತಿಲ್ಲವೇ. ಅಂಚಿಗೆ ಓಡಿ ಕೈ ಎತ್ತುವ ಕಾಲು ಅದು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಕ್ರೂಪ್ಕಾ ಒಬ್ಬನೇ ಇದ್ದ. ತನ್ನ ಕಪಾಟು ಖಾಲಿ ಮಾಡಿ ಚೀಲಕ್ಕೆ ತುಂಬುತ್ತಿದ್ದ. ಯಾವ ತಂಡದವರೂ ಅವನನ್ನು ಕೋಣೆಗೆ ಕರೆದಿರಲಿಲ್ಲ.

"ಬಂದ್ಯಾ ರೈಲು? ಎಷ್ಟನೇ ಸುತ್ತಂತೆ?"

"ಕ್ರೂಪ್ಕಾ, ನವೆಂಬರಲ್ಲಿ ಅವತ್ತು... ಸನ್ನೆ ಇತ್ತು. ವೇಡ್ ಸೊಂಟ ಮುಟ್ಟಿದ್ದ. ನಾನು ನೋಡಿದ್ದೆ. ಐವತ್ತೆರಡು ನನ್ನ ಪಾಲು. ನಾನು ಹೆದರಿ ಓಡಿಹೋದೆ."

ಇಷ್ಟನ್ನು ಒಂದೇ ಉಸಿರಿಗೆ ಹೇಳಿ ಅವನು ಕಾದ. ಮುನ್ನೂರಿಪ್ಪತ್ತು ಪೌಂಡು ತನ್ನ ಮೇಲೆ ಬೀಳುತ್ತದೆ ಎಂದುಕೊಂಡ.

ಕ್ರೂಪ್ಕಾ ಸಾಕ್ಸನ್ನು ಮಡಚಿ ಚೀಲದೊಳಗೆ ಹಾಕಿದ. ಹತ್ತಿರ ಬಂದು ಲೆಮ್‌ನ ಕತ್ತಿನ ಮೇಲೆ ಕೈಯಿಟ್ಟ. ಮೆತ್ತಗೆ.

"ನೀನು ಒಳ್ಳೆಯವನು ಕಣೋ," ಎಂದ. "ಇವತ್ತು ನನ್ನನ್ನ ಯಾರೂ ಕರೀಲಿಲ್ಲ ಅಂತ ಗೊತ್ತಾಗಿ ಬಂದ್ಯಲ್ಲ? ನನ್ನ ಸಮಾಧಾನಕ್ಕೆ ಸುಳ್ಳು ಹೇಳೋದು ಬೇಡ. ಆ ಟೇಪನ್ನ ನೂರು ಸಲ ನೋಡಿದ್ದೀನಿ ನಾನು. ನನ್ನ ಎಡಗಾಲು ಹಿಂದೆ ಇತ್ತು, ಒಳಗೆ ಜರುಗೋಕೆ ತಡ ಆಯ್ತು. ಮೊದಲು ನಂಗೂ ಒಪ್ಪೋಕಾಗ್ಲಿಲ್ಲ. ಈಗ ಒಪ್ಕೊಂಡಿದ್ದೀನಿ. ಒಪ್ಕೊಳ್ಳೋಕೆ ನಾಲ್ಕು ತಿಂಗಳಾಯ್ತು, ಈಗ ಬಂದು ಅದನ್ನ ಕೆದಕಬೇಡ."

ಲೆಮ್‌ಗೆ ದಿಕ್ಕು ತೋಚಲಿಲ್ಲ. ಅವನು ಬೈಗುಳಕ್ಕೆ ತಯಾರಾಗಿ ಬಂದಿದ್ದ, ಹೊಡೆತಕ್ಕೆ ತಯಾರಾಗಿ ಬಂದಿದ್ದ. ಕೆಲಸ ಮುಗಿದ ಹಾಗೆಯೇ ಇತ್ತು. ಹೇಳಿಯಾಗಿತ್ತು, ಕೇಳಿದವನು ನಂಬಲಿಲ್ಲ, ಇನ್ನು ಯಾರ ತಪ್ಪು? ಆಯ್ತಪ್ಪ ನಿನ್ನಿಷ್ಟ ಎಂದು ಹೊರಗೆ ಹೋದರೆ ಮೂವತ್ತೊಂದು ತಂಡವೂ ಇತ್ತು, ಸ್ನೇಹವೂ ಇತ್ತು. 

"ಆ ಟೇಪು ಚೆಂಡು ಎದ್ದ ಮೇಲಿಂದು," ಎಂದ.  "ಮುಂಚಿಂದೂ ಇದೆ. ಟಿವಿಯವರ ಹತ್ರ. ಟ್ಯಾಕೆಟ್ ತೋರಿಸ್ದ. ವೇಡ್ ನನ್ನ ಮುಖ ನೋಡ್ತಾನೆ, ನಾನು ಸರಿ ಅಂತ ತಲೆ ಆಡಿಸ್ತೀನಿ. ವೇಡ್ ಹೊರಗಿದ್ದಾನೆ, ಬೇಕಾದ್ರೆ ಕೇಳು. ನಿನ್ನ ಕಾಲು ಸರಿಯಾಗೇ ಇತ್ತು ಕ್ರೂಪ್ಕಾ. ಅದು ಎಲ್ಲಿರಬೇಕೋ ಅಲ್ಲೇ ಇತ್ತು."

ಕತ್ತಿನ ಮೇಲಿನ ಕೈ ಹಾಗೆಯೇ ಇತ್ತು. ಕ್ರೂಪ್ಕಾನ ಮುಖದ ನಗೆಯೂ ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಆಮೇಲೆ ಕಣ್ಣು ಮೊದಲು ಬದಲಾಯಿತು. ಅವನು ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ವೇಡ್ ಐಸಿನ ಚೀಲದೊಂದಿಗೆ ತಲೆ ತಗ್ಗಿಸಿ ನಿಂತಿದ್ದ. ತಗ್ಗಿಸಿದ ತಲೆಯೇ ಸಾಕಾಯಿತು.

"ನಮ್ಮಮ್ಮ," ಎಂದ ಕ್ರೂಪ್ಕಾ.  "ಆಸ್ಪತ್ರೆಯಲ್ಲಿ ನಮ್ಮಮ್ಮ ವೇಡ್‌ನ ತಾಯಿ ಮುಂದೆ ಮಂಡಿಯೂರಿ ಕ್ಷಮೆ ಕೇಳಿದ್ಳು ಕಣೋ. ನನ್ನ ಮಗ ನಿಮ್ಮ ಮಗನನ್ನ ಕಾಯಲಿಲ್ಲ ಅಂತ. ನೀನೂ ಇದ್ದೆ ಅಲ್ಲಿ. ನೀನೇ ಕೈ ಹಿಡ್ದು ಎಬ್ಬಿಸಿದ್ದು ಅವಳನ್ನ."

"ಹೌದು," ಎಂದ ಲೆಮ್.

ಕತ್ತಿನ ಮೇಲಿನ ಕೈ ನಿಧಾನವಾಗಿ ಬಿಗಿಯಿತು. ಹಿಂದೆ ಬಾಗಿಲು ತೆರೆದೇ ಇತ್ತು, ಲೆಮ್‌ನ ಕಾಲು ಈ ಸಲ ನಿಂತಲ್ಲೇ ನಿಂತಿತು. ಅವನು ಕಣ್ಣು ತೆರೆದುಕೊಂಡೇ ಇದ್ದ.